ನಮ್ಮೂರಿನ ಹೆಸರಲ್ಲಿ ‘ಬೇಡ’ ಅಂದವರು ಯಾರು?

2023ರ ಏಪ್ರಿಲ್ 18ರಿಂದ ಮೇ 11ರವರೆಗೆ ದಿಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಐದು ಜನ ನ್ಯಾಯಮೂರ್ತಿಗಳ ಸಂವಿಧಾನ ಪೀಠ ಒಂದು ಪ್ರಶ್ನೆಯ ವಿಚಾರಣೆ ನಡೆಸಿತು. ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಜೊತೆಯಾಗಿ ಬಾಳಲು ನಿರ್ಧರಿಸಿದರೆ ಅದನ್ನು ಕಾನೂನು ಮದುವೆ ಅಂತ ಒಪ್ಪಬೇಕೋ ಬೇಡವೋ ಅನ್ನೋದು ಆ ಪ್ರಶ್ನೆ. ಸರಿಯಾಗಿ ಅದೇ ದಿನಗಳಲ್ಲಿ ನಮ್ಮ ರಾಜ್ಯದಲ್ಲಿ ವಿಧಾನಸಭಾ ಚುನಾವಣೆ. ಮೇ 10ಕ್ಕೆ ಮತದಾನ, 13ಕ್ಕೆ ಎಣಿಕೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ನಮಗೆಲ್ಲ ಆ ಬಿಸಿಲಿನ ಪ್ರಚಾರ ನೆನಪಿದೆ. ತೊಗರಿ ಬೆಲೆ, ಗ್ಯಾಸ್ ಸಿಲಿಂಡರ್, 371(ಜೆ), ಗ್ಯಾರಂಟಿ ಕಾರ್ಡು, ಮೀಸಲಾತಿ ಎಲ್ಲ ಮೈಕಿನಲ್ಲಿ ಬಂದವು. ನಾವು ಕೇಳಿದ ಒಂದು ಭಾಷಣದಲ್ಲೂ ದಿಲ್ಲಿಯ ಆ ಕೇಸಿನ ಮಾತು ಬರಲಿಲ್ಲ. ಬರಬೇಕಿತ್ತು ಅಂತಲೂ ಆಗ ನಮಗೆ ಅನಿಸಲಿಲ್ಲ, ನಮಗೂ ಅದಕ್ಕೂ ಏನು ಸಂಬಂಧ ಅನ್ನೋ ಹಾಗೆ ಇದ್ದೆವು.

ಸಂಬಂಧ ಇದೆ ಅಂತ ಗೊತ್ತಾಗಿದ್ದು ಆಮೇಲೆ, ಕೋರ್ಟಿಗೆ ಕೇಂದ್ರ ಸರ್ಕಾರ ಏನು ಬರೆದು ಕೊಟ್ಟಿತ್ತು ಅಂತ ಓದಿದಾಗ. ಇದು ನಗರದ ಗಣ್ಯರ ಅಭಿಪ್ರಾಯ ಮಾತ್ರ; ಹಳ್ಳಿ, ಅರೆಪಟ್ಟಣದ ಜನ ಮತ್ತು ಧಾರ್ಮಿಕ ಸಮುದಾಯಗಳು ಏನಂತಾರೆ ಅನ್ನೋದನ್ನೂ ನೋಡಬೇಕು, ಅದನ್ನು ನೋಡುವ ಜಾಗ ಸಂಸತ್ತು, ಕೋರ್ಟ್ ಅಲ್ಲ ಅಂತ ಸರ್ಕಾರ ವಾದಿಸಿತ್ತು. ಹಳ್ಳಿ, ಅರೆಪಟ್ಟಣ ಅಂದರೆ ಯಾರು? ನಾವೇ ಅಲ್ವಾ? ವಾಡಿ, ಶಹಾಬಾದಿನಂಥ ಊರುಗಳೇ ಅಲ್ವಾ? ನಮ್ಮನ್ನು ಯಾರೂ ಕೇಳಿರಲಿಲ್ಲ, ಆದರೆ ನಮ್ಮ ಹೆಸರು ವಾದದಲ್ಲಿ ಬಂದಿತ್ತು.

ಈ ಲೇಖನ ಸಲಿಂಗ ವಿವಾಹ ಸರಿಯೋ ತಪ್ಪೋ ಅನ್ನೋ ಡಿಬೇಟ್ ಅಲ್ಲ. ಧರ್ಮವನ್ನು ನಂಬುವ ಮತದಾರರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ರಾಜಕಾರಣಿಗಳು ಈ ವಿಷಯದಲ್ಲಿ ನಿಲುವನ್ನು ಹೇಗೆ ಬದಲಾಯಿಸುತ್ತಾ ಬಂದರು, ಅದನ್ನು ನಾವು ಹೇಗೆ ಗುರುತಿಸೋದು ಅಂತ ವಿವರಿಸುವ ಪ್ರಯತ್ನ.

ಮೊದಲು ಕಾನೂನಿನ ಕಥೆ

ಬ್ರಿಟಿಷರ ಕಾಲದ ಭಾರತೀಯ ದಂಡ ಸಂಹಿತೆ 1860ರದ್ದು. ಅದರ 377ನೇ ಕಲಂ ‘ನಿಸರ್ಗಕ್ಕೆ ವಿರುದ್ಧವಾದ’ ಲೈಂಗಿಕ ಕ್ರಿಯೆಯನ್ನು ಅಪರಾಧ ಅಂದಿತು. ಇದರ ಅಡಿ ಸಲಿಂಗ ಸಂಬಂಧಕ್ಕೆ ಜೀವಾವಧಿ ಶಿಕ್ಷೆಯವರೆಗೂ ಅವಕಾಶ ಇತ್ತು. 2009ರ ಜುಲೈ 2ರಂದು ದಿಲ್ಲಿ ಹೈಕೋರ್ಟ್, ವಯಸ್ಕರಿಬ್ಬರು ಒಪ್ಪಿ ಖಾಸಗಿಯಾಗಿ ಇದ್ದರೆ ಅದು ಅಪರಾಧ ಅಲ್ಲ ಅಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು, ಮತ್ತೆ ಅಪರಾಧ ಆಯಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನದೇ ಸಂವಿಧಾನ ಪೀಠ, ಅಪರಾಧ ಅಲ್ಲ ಅಂತ ಕೊನೆಯ ಮಾತು ಹೇಳಿತು.

ಅಪರಾಧ ಅಲ್ಲ ಅನ್ನೋದು ಬೇರೆ, ಮದುವೆ ಅಂತ ಒಪ್ಪೋದು ಬೇರೆ. ಆ ಎರಡನೇ ಪ್ರಶ್ನೆಯೇ 2023ರ ಕೇಸು. 2023ರ ಅಕ್ಟೋಬರ್ 17ರಂದು ತೀರ್ಪು ಬಂತು. ಮದುವೆಯಾಗೋದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಅಲ್ಲ, 1954ರ ವಿಶೇಷ ವಿವಾಹ ಕಾಯ್ದೆಯನ್ನು ಕೋರ್ಟ್ ತಿದ್ದಿ ಬರೆಯೋಕೆ ಆಗಲ್ಲ, ಕಾನೂನು ಮಾಡಬೇಕಾದ್ದು ಸಂಸತ್ತು — ಇಷ್ಟರ ಮೇಲೆ ಐವರೂ ಒಪ್ಪಿದರು. ಮದುವೆ ಅಲ್ಲದಿದ್ದರೂ ಅವರ ಜೊತೆಬಾಳ್ವೆಗೆ ಕಾನೂನಿನ ಮನ್ನಣೆ ಕೊಡಬೇಕು ಅಂದವರು ಇಬ್ಬರು, ಒಪ್ಪದವರು ಮೂವರು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು.

ಅಂದ್ರೆ ಈಗ ಚೆಂಡು ಇರೋದು ಸಂಸತ್ತಿನ ಅಂಗಳದಲ್ಲಿ, ನಾವು ವೋಟು ಹಾಕಿ ಕಳಿಸೋ ಜನರ ಕೈಯಲ್ಲಿ. ಹಾಗಾಗಿ ಅವರ ನಿಲುವಿನ ಚರಿತ್ರೆ ನೋಡಲೇಬೇಕು.

ಒಂದೇ ಸರ್ಕಾರ, ಎರಡು ಬಾಯಿ

ಮೊದಲು ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ. 2008ರಲ್ಲಿ ದಿಲ್ಲಿ ಹೈಕೋರ್ಟಿನಲ್ಲಿ 377ರ ಕೇಸು ನಡೆಯುವಾಗ ಅದೇ ಸರ್ಕಾರದ ಎರಡು ಇಲಾಖೆಗಳು ಒಂದಕ್ಕೊಂದು ವಿರುದ್ಧವಾಗಿ ನಿಂತಿದ್ದವು. ಭಾರತೀಯ ಸಮಾಜ ಒಪ್ಪಲ್ಲ, ಕಲಂ ಇರಲಿ ಅಂದಿದ್ದು ಗೃಹ ಇಲಾಖೆ. ಈ ಕಲಂನಿಂದಾಗಿ ಜನ ಹೆದರಿ ಅಡಗಿಕೊಳ್ಳುತ್ತಾರೆ, ಎಚ್‌ಐವಿ ತಡೆಯೋ ಕೆಲಸಕ್ಕೆ ಅಡ್ಡಿಯಾಗ್ತಿದೆ ಅಂದಿದ್ದು ಆರೋಗ್ಯ ಇಲಾಖೆಯ ಕಡೆಯವರು.

ಹೈಕೋರ್ಟಿನ ತೀರ್ಪು ಬಂದ ಮೇಲೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋದವರ ಪಟ್ಟಿ ನೋಡಿದರೆ ಆಶ್ಚರ್ಯ ಆಗುತ್ತೆ. ಜ್ಯೋತಿಷಿಯೊಬ್ಬರು, ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ, ಕೆಲವು ಕ್ರೈಸ್ತ ಸಂಘಟನೆಗಳು ಒಟ್ಟಿಗೆ ಇದ್ದರು. ಬೇರೆ ಯಾವ ವಿಷಯಕ್ಕೂ ಹೀಗೆ ಒಂದೇ ಸಾಲಿನಲ್ಲಿ ಕೂರುವವರು ಅಲ್ಲ. ಸರ್ಕಾರ ಮಾತ್ರ ತಾನು ಮೇಲ್ಮನವಿ ಹೋಗಲಿಲ್ಲ. ವಿರೋಧಿಸಿದರೆ ಒಂದು ಕಡೆಗೆ ಸಿಟ್ಟು, ಬೆಂಬಲಿಸಿದರೆ ಇನ್ನೊಂದು ಕಡೆಗೆ. ಕೋರ್ಟೇ ಹೇಳಿಬಿಟ್ಟರೆ ಎರಡೂ ತಪ್ಪುತ್ತೆ.

2012ರ ಫೆಬ್ರವರಿಯಲ್ಲಿ ಇದು ನಗೆಪಾಟಲಾಯಿತು. ಸರ್ಕಾರದ ವಕೀಲರೊಬ್ಬರು ಸುಪ್ರೀಂ ಕೋರ್ಟಿನಲ್ಲಿ ಸಲಿಂಗ ಸಂಬಂಧ ಅನೈತಿಕ ಅಂತ ವಾದಿಸಿದರು. ಅದು ನಮ್ಮ ನಿಲುವಲ್ಲ ಅಂತ ಅದೇ ದಿನ ಗೃಹ ಇಲಾಖೆ ಹೇಳಿಕೆ ಕೊಟ್ಟಿತು. ನ್ಯಾಯಮೂರ್ತಿಗಳೇ ಬೇಸರಪಟ್ಟರು.

2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಅಪರಾಧ ಅಂದಾಗ ಸೋನಿಯಾ ಗಾಂಧಿ, ರಾಹುಲ್ ಗಾಂಧಿ ಇಬ್ಬರೂ ಬಹಿರಂಗವಾಗಿ ನಿರಾಸೆ ಹೇಳಿಕೊಂಡರು, ಸರ್ಕಾರ ಮರುಪರಿಶೀಲನೆಗೆ ಅರ್ಜಿ ಹಾಕಿತು. ಇದು ಸ್ಪಷ್ಟ ನಿಲುವು ಅನ್ನೋಣ. ಆದರೆ ಕೋರ್ಟ್ ‘ಸಂಸತ್ತು ಬೇಕಾದರೆ ತಿದ್ದಲಿ’ ಅಂತ ದಾರಿ ತೋರಿಸಿತ್ತು. ಆ ದಾರಿಯಲ್ಲಿ ನಡೆಯಲು ಹೊರಟವರು ಶಶಿ ತರೂರ್, ಅದೂ 2015ರಲ್ಲಿ, ಪಕ್ಷ ವಿರೋಧಪಕ್ಷಕ್ಕೆ ಬಂದ ಮೇಲೆ, ಖಾಸಗಿ ಮಸೂದೆಯ ಮೂಲಕ. 2015ರ ಡಿಸೆಂಬರ್ 18ರಂದು ಲೋಕಸಭೆ ಅದನ್ನು ಮಂಡಿಸೋಕೂ ಬಿಡಲಿಲ್ಲ. ಪರ 24, ವಿರುದ್ಧ 71. 2016ರ ಮಾರ್ಚಿನಲ್ಲಿ ಮತ್ತೆ ಪ್ರಯತ್ನಿಸಿದರು. ಪರ 14, ವಿರುದ್ಧ 58.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಲೋಕಸಭೆಯಲ್ಲಿ 543 ಸ್ಥಾನ. ಕಾಂಗ್ರೆಸ್ ಒಂದರಲ್ಲೇ ಆಗ 40ಕ್ಕೂ ಹೆಚ್ಚು ಸದಸ್ಯರಿದ್ದರು. ಅಂದ್ರೆ ವಿರೋಧಿಸಿದವರಿಗಿಂತಲೂ ದೊಡ್ಡ ಪಕ್ಷ ಒಂದಿತ್ತು. ಅದು ಗೈರುಹಾಜರಿ ಪಕ್ಷ.

ಬಿಜೆಪಿಯ ಗ್ರಾಫ್

ಎಂಜಿನಿಯರಿಂಗ್ ಬುದ್ಧಿ, ಎಲ್ಲದಕ್ಕೂ ಗ್ರಾಫ್ ಬೇಕು. ಅಡ್ಡಗೆರೆಯಲ್ಲಿ ವರ್ಷ, ಉದ್ದಗೆರೆಯಲ್ಲಿ ನಿಲುವು ಅಂತ ಇಟ್ಟುಕೊಳ್ಳಿ.

2013: ಪಕ್ಷದ ಅಧ್ಯಕ್ಷರಾಗಿದ್ದ ರಾಜನಾಥ್ ಸಿಂಗ್, ಸಲಿಂಗ ಸಂಬಂಧ ಅಸಹಜ, ನಾವು 377ರ ಪರ ಅಂದರು. 2015: ಹಣಕಾಸು ಸಚಿವ ಅರುಣ್ ಜೇಟ್ಲಿ ದಿಲ್ಲಿಯ ಸಾಹಿತ್ಯೋತ್ಸವವೊಂದರಲ್ಲಿ, ಸುಪ್ರೀಂ ಕೋರ್ಟ್ ತನ್ನ 2013ರ ತೀರ್ಪನ್ನು ಮತ್ತೆ ನೋಡಬೇಕು ಅಂದರು. ಅದೇ ವರ್ಷ ಅದೇ ಪಕ್ಷ ಬಹುಮತದಲ್ಲಿದ್ದ ಲೋಕಸಭೆಯಲ್ಲಿ ತರೂರ್ ಮಸೂದೆ ಬಿತ್ತು. 2018: ಕೇಂದ್ರ ಸರ್ಕಾರ, ವಯಸ್ಕರ ಒಪ್ಪಿತ ಸಂಬಂಧದ ಪ್ರಶ್ನೆಯನ್ನು ಕೋರ್ಟಿನ ವಿವೇಕಕ್ಕೆ ಬಿಡ್ತೇವೆ ಅಂತ ಬರೆದುಕೊಟ್ಟಿತು, ಮದುವೆಯಂಥ ವಿಷಯಕ್ಕೆ ಹೋಗಬೇಡಿ ಅಂತಲೂ ಸೇರಿಸಿತು. 2023: ಮದುವೆಗೆ ನೇರ ವಿರೋಧ.

ಕನ್ನಡಿಗರೇ ಆದ ಆರೆಸ್ಸೆಸ್ ಮುಖಂಡ, ಸೊರಬ ಕಡೆಯ ದತ್ತಾತ್ರೇಯ ಹೊಸಬಾಳೆ ಅವರ ಉದಾಹರಣೆ ಈ ಗ್ರಾಫಿನ ಸಣ್ಣ ಮಾದರಿ. 2016ರ ಮಾರ್ಚಿನಲ್ಲಿ ದಿಲ್ಲಿಯ ಒಂದು ಸಂವಾದದಲ್ಲಿ, ಬೇರೆಯವರಿಗೆ ತೊಂದರೆ ಆಗದಿದ್ದರೆ ಒಬ್ಬರ ಲೈಂಗಿಕ ಆಯ್ಕೆಯನ್ನು ಅಪರಾಧ ಅಂತ ನೋಡಬೇಕಿಲ್ಲ ಅಂದರು. ಸುದ್ದಿಯಾಯಿತು. ಮರುದಿನವೇ ಸ್ಪಷ್ಟನೆ ಬಂತು: ಶಿಕ್ಷೆ ಬೇಡ, ವೈಭವೀಕರಣವೂ ಬೇಡ, ಸಲಿಂಗ ವಿವಾಹವನ್ನು ನಿಷೇಧಿಸಬೇಕು. ಮೊದಲ ದಿನದ ಎದುರಿಗಿದ್ದವರು ಇಂಗ್ಲಿಷ್ ಚಾನೆಲ್‌ನ ಸಭಿಕರು. ಎರಡನೇ ದಿನದ ಮಾತು ತಲುಪಬೇಕಿದ್ದದ್ದು ಸಂಘಟನೆಯ ಒಳಗಿನ ಜನಕ್ಕೆ. ಎರಡೂ ಹೇಳಿಕೆಗಳು ಒಂದನ್ನೊಂದು ಪೂರ್ತಿ ಸುಳ್ಳು ಮಾಡಲ್ಲ ಅನ್ನೋದು ನಿಜ. ಆದರೆ ಒತ್ತು ಎಲ್ಲಿ ಬಿತ್ತು ಅನ್ನೋದು ಕೇಳುಗರ ಜೊತೆ ಬದಲಾಯಿತು.

ಇನ್ನೊಂದು ಗಮನಿಸಿ. 2023ರ ಕೇಸಿನಲ್ಲಿ ಜಮೀಯತ್ ಉಲಮಾ-ಎ-ಹಿಂದ್ ಕೂಡ ಸಲಿಂಗ ವಿವಾಹವನ್ನು ವಿರೋಧಿಸಿ ಕೋರ್ಟಿಗೆ ಬಂದಿತ್ತು. ಕೇಂದ್ರ ಸರ್ಕಾರವೂ ಜಮೀಯತ್ತೂ ಒಂದೇ ಕಡೆ! ಹಾಗಾಗಿ ಈ ವಿಷಯ ರಾಜಕಾರಣಿಗೆ ಬಹಳ ಅನುಕೂಲದ್ದು. ವಿರೋಧಿಸಿದರೆ ಯಾವ ಧರ್ಮದ ಮುಖಂಡರೂ ಸಿಟ್ಟಾಗಲ್ಲ, ಸಿಟ್ಟಾಗುವ ಜನಕ್ಕೆ ಮಠ, ಮಸೀದಿ, ಚರ್ಚು, ಜಾತಿ ಸಂಘ ಯಾವುದೂ ಹಿಂದೆ ಇರಲ್ಲ.

ಏಳು ರಾಜ್ಯಗಳ ಪತ್ರ

ವಿಚಾರಣೆ ಶುರುವಾದ 2023ರ ಏಪ್ರಿಲ್ 18ರಂದೇ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೆ ಪತ್ರ ಬರೆದು ಅಭಿಪ್ರಾಯ ಕೇಳಿತು. ಮೇ 10ರಂದು, ಅಂದ್ರೆ ನಮ್ಮಲ್ಲಿ ಮತದಾನ ನಡೆಯುತ್ತಿದ್ದ ದಿನ, ಏಳು ರಾಜ್ಯ ಉತ್ತರ ಕೊಟ್ಟಿವೆ ಅಂತ ಕೋರ್ಟಿಗೆ ತಿಳಿಸಿತು. ಮಣಿಪುರ, ಉತ್ತರ ಪ್ರದೇಶ, ಮಹಾರಾಷ್ಟ್ರ, ಸಿಕ್ಕಿಂ ಇನ್ನೂ ಸಮಯ ಬೇಕು ಅಂದಿದ್ದವು. ಅಸ್ಸಾಂ, ಆಂಧ್ರಪ್ರದೇಶ, ರಾಜಸ್ಥಾನ ವಿರೋಧಿಸಿದ್ದವು. ಕರ್ನಾಟಕದ ಹೆಸರು ಆ ಏಳರಲ್ಲಿ ಇರಲಿಲ್ಲ. ಚುನಾವಣೆಯ ಮಧ್ಯದಲ್ಲಿದ್ದ ರಾಜ್ಯ ಏನು ಹೇಳೀತು?

ವಿರೋಧಿಸಿದ ಮೂರರಲ್ಲಿ ಎರಡು ರಾಜ್ಯಗಳ ಉತ್ತರ ನಮ್ಮ ವಿಷಯಕ್ಕೆ ಮುಖ್ಯ. ಜಗನ್ ಮೋಹನ್ ರೆಡ್ಡಿ ಅವರ ಆಂಧ್ರ ಸರ್ಕಾರ, ರಾಜ್ಯದ ಬೇರೆ ಬೇರೆ ಧರ್ಮಗಳ ಮುಖ್ಯಸ್ಥರನ್ನು ಕೇಳಿದೆವು, ಅವರೆಲ್ಲ ಬೇಡ ಅಂದರು, ಹಾಗಾಗಿ ನಮ್ಮದೂ ವಿರೋಧ ಅಂತ ಬರೆಯಿತು. ಸಲಿಂಗಿಗಳನ್ನು ಕೇಳಿದೆವು ಅಂತ ಆ ಉತ್ತರದಲ್ಲಿ ಇರಲಿಲ್ಲ. ಕ್ಯಾಂಟೀನ್ ಊಟ ಹೇಗಿದೆ ಅಂತ ಹಾಸ್ಟೆಲ್ ಹುಡುಗರನ್ನು ಬಿಟ್ಟು ಬೇರೆ ಎಲ್ಲರನ್ನೂ ಕೇಳಿದ ಹಾಗೆ.

ಇನ್ನೊಂದು ರಾಜಸ್ಥಾನ. ಆಗ ಅಲ್ಲಿ ಇದ್ದದ್ದು ಅಶೋಕ್ ಗೆಹ್ಲೋಟ್ ಅವರ ಕಾಂಗ್ರೆಸ್ ಸರ್ಕಾರ, ಆರೇಳು ತಿಂಗಳಲ್ಲಿ ಚುನಾವಣೆ ಎದುರಿಸಬೇಕಿತ್ತು. ಅದು ವಿರೋಧ ಬರೆದುಕೊಟ್ಟಿತು. ಮರುವರ್ಷ, 2024ರ ಲೋಕಸಭಾ ಚುನಾವಣೆಗೆ ಅದೇ ಪಕ್ಷ ತಂದ ಪ್ರಣಾಳಿಕೆಯಲ್ಲಿ, ವ್ಯಾಪಕ ಚರ್ಚೆಯ ನಂತರ ಸಲಿಂಗ ಜೋಡಿಗಳ ಜೊತೆಬಾಳ್ವೆಗೆ ಮನ್ನಣೆ ಕೊಡುವ ಕಾನೂನು ತರ್ತೇವೆ ಅನ್ನೋ ಭರವಸೆ ಇತ್ತು. ಒಂದೇ ಪಕ್ಷ, ಒಂದೇ ವರ್ಷದ ಅಂತರ. ಒಳ್ಳೆಯ ಬದಲಾವಣೆಯೇ ಇರಬಹುದು. ಆದರೆ ಭರವಸೆಯನ್ನು ವೇದಿಕೆಯ ಮೇಲೆ ಎಷ್ಟು ಜನ ಹೇಳಿದರು ಅಂತ ನಾವು ಕೇಳಬಹುದು. ನಮ್ಮ ಜಿಲ್ಲೆಯಲ್ಲಿ ನಮ್ಮ ಕಿವಿಗೆ ಬಿದ್ದ ಪ್ರಚಾರದಲ್ಲಂತೂ ಅದು ಬರಲಿಲ್ಲ.

ಬರೀ ನಮ್ಮಲ್ಲಿ ಅಲ್ಲ

ಇದು ಭಾರತದ ರೋಗ ಅಂತ ಅಂದುಕೊಳ್ಳಬೇಡಿ. ಅಮೆರಿಕದ ಬರಾಕ್ ಒಬಾಮಾ 1996ರಲ್ಲಿ ಶಿಕಾಗೋದಲ್ಲಿ ರಾಜ್ಯ ಸೆನೆಟ್‌ಗೆ ನಿಂತಾಗ ಒಂದು ಪ್ರಶ್ನಾವಳಿಗೆ ಉತ್ತರಿಸುತ್ತಾ, ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡೋದಕ್ಕೆ ಬೆಂಬಲ ಅಂತ ಬರೆದಿದ್ದರು. 2008ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ, ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಚರ್ಚಿನಲ್ಲಿ ಪಾದ್ರಿಯ ಎದುರು ಕೂತು, ಮದುವೆ ಅಂದರೆ ಒಬ್ಬ ಗಂಡು ಒಂದು ಹೆಣ್ಣಿನ ನಡುವಿನದು, ಕ್ರೈಸ್ತನಾಗಿ ನನಗದು ಪವಿತ್ರ ಬಂಧ ಅಂದರು. 2012ರ ಮೇ ತಿಂಗಳಲ್ಲಿ ಟೀವಿ ಸಂದರ್ಶನದಲ್ಲಿ ಮತ್ತೆ ಬೆಂಬಲ.

ಅವರ ಚುನಾವಣಾ ಸಲಹೆಗಾರರಾಗಿದ್ದ ಡೇವಿಡ್ ಆಕ್ಸೆಲ್‌ರಾಡ್ 2015ರಲ್ಲಿ ಪುಸ್ತಕ ಬರೆದು ವಿಷಯ ಬಿಚ್ಚಿಟ್ಟರು: ಒಬಾಮಾ ಮೊದಲಿಂದಲೂ ಪರವೇ ಇದ್ದರು, ಕಪ್ಪು ಜನರ ಚರ್ಚುಗಳಲ್ಲಿ ಇದಕ್ಕೆ ಬಲವಾದ ವಿರೋಧ ಇದ್ದದ್ದರಿಂದ ಸಲಹೆಗಾರರ ಮಾತು ಕೇಳಿ ನಿಲುವನ್ನು ತಗ್ಗಿಸಿದ್ದರು. ಒಬಾಮಾ ಇದನ್ನು ಪೂರ್ತಿ ಒಪ್ಪಲಿಲ್ಲ, ವೈಯಕ್ತಿಕ ಭಾವನೆಯನ್ನೂ ಸಾರ್ವಜನಿಕ ನಿಲುವನ್ನೂ ಆಕ್ಸೆಲ್‌ರಾಡ್ ಕಲಸಿದ್ದಾರೆ ಅಂದರು. ಆದರೂ ಮೂರು ವರ್ಷ, ಮೂರು ಸಭಿಕವರ್ಗ, ಮೂರು ಉತ್ತರ ಅನ್ನೋದು ದಾಖಲೆಯಲ್ಲಿ ಇದ್ದೇ ಇದೆ.

ಎದುರು ಉದಾಹರಣೆಯೂ ಇದೆ. ತೈವಾನಿನಲ್ಲಿ 2018ರ ನವೆಂಬರಿನ ಜನಮತಗಣನೆಯಲ್ಲಿ ಹೆಚ್ಚಿನ ಜನ ಸಲಿಂಗ ವಿವಾಹದ ವಿರುದ್ಧ ಮತ ಹಾಕಿದರು. ಅಲ್ಲಿನ ಸಾಂವಿಧಾನಿಕ ಕೋರ್ಟ್ ಆಗಲೇ ಕಾನೂನು ಮಾಡಿ ಅಂತ ಗಡುವು ಕೊಟ್ಟಿತ್ತು. ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ಅವರ ಪಕ್ಷ 2019ರ ಮೇ 17ರಂದು ಬೇರೆಯದೇ ಕಾಯ್ದೆ ಮಾಡಿ ಮದುವೆಗೆ ಅವಕಾಶ ಕೊಟ್ಟಿತು. ಏಷ್ಯಾದಲ್ಲಿ ಅದೇ ಮೊದಲು. 2020ರ ಜನವರಿಯಲ್ಲಿ ಅದೇ ತ್ಸಾಯ್ ದೊಡ್ಡ ಅಂತರದಲ್ಲಿ ಮತ್ತೆ ಗೆದ್ದರು. ಗೆಲುವಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಇದನ್ನು ಮಾಡಿದರೆ ಸೋಲು ಖಚಿತ ಅನ್ನೋ ಭಯ ಯಾವಾಗಲೂ ನಿಜ ಆಗಬೇಕಿಲ್ಲ ಅಂತ ಗೊತ್ತಾಯಿತು.

ಧರ್ಮದ ವೋಟಿನ ಲೆಕ್ಕ: ಸೇಡಂ ನೋಡಿ

‘ಧಾರ್ಮಿಕ ಮತದಾರರು’ ಅಂತ ಒಂದು ಮೂಟೆ ಇದೆ, ಸರಿಯಾದ ಮಾತು ಆಡಿದರೆ ಆ ಮೂಟೆ ಪೂರ್ತಿ ನಮ್ಮ ಕಡೆ ಬೀಳುತ್ತೆ ಅಂತ ಪಕ್ಷಗಳು ಅಂದುಕೊಳ್ತವೆ. ಈ ಲೆಕ್ಕ ಎಷ್ಟು ಕಚ್ಚಾ ಅಂತ ತಿಳಿಯೋಕೆ ನಾವು ತೈವಾನಿಗೆ ಹೋಗಬೇಕಿಲ್ಲ. ವಿಷಯ ಬೇರೆ, ಆದರೆ ಲೆಕ್ಕ ಇದೇ ಆಗಿದ್ದ ಘಟನೆ ನಮ್ಮ ಮನೆಬಾಗಿಲಲ್ಲೇ ನಡೆದಿದೆ. ಅದು 2017-18ರ ಲಿಂಗಾಯತ ಪ್ರತ್ಯೇಕ ಧರ್ಮದ ಹೋರಾಟ.

2017ರಲ್ಲಿ ಬೀದರ್, ಬೆಳಗಾವಿ, ಕಲಬುರಗಿಯಲ್ಲೆಲ್ಲ ದೊಡ್ಡ ಸಮಾವೇಶ ಆದವು. ಬಸವಣ್ಣನ ಅನುಯಾಯಿಗಳದು ಸ್ವತಂತ್ರ ಧರ್ಮ ಅನ್ನೋ ವಾದಕ್ಕೆ ಗಂಭೀರವಾದ ಹಿನ್ನೆಲೆ ಇದೆ, ಅದನ್ನು ನಂಬಿ ಬಂದ ಜನ ವೋಟಿಗಾಗಿ ಬಂದವರಲ್ಲ. ನಾವಿಲ್ಲಿ ನೋಡ್ತಿರೋದು ಪಕ್ಷಗಳು ಏನು ಮಾಡಿದವು ಅನ್ನೋದನ್ನು ಮಾತ್ರ. ಸಿದ್ದರಾಮಯ್ಯ ಸರ್ಕಾರ ನಿವೃತ್ತ ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿ ಮಾಡಿ, ಅದರ ವರದಿಯನ್ನು 2018ರ ಮಾರ್ಚ್ 19ರಂದು ಸಂಪುಟದಲ್ಲಿ ಒಪ್ಪಿತು. ಎಂಟೇ ದಿನಕ್ಕೆ, ಮಾರ್ಚ್ 27ರಂದು ಚುನಾವಣೆ ಘೋಷಣೆ ಆಯಿತು.

ಆ ಕಡೆ ಬಿ.ಎಸ್. ಯಡಿಯೂರಪ್ಪ. 2013ರಲ್ಲಿ ಕೆಜೆಪಿಯಲ್ಲಿದ್ದಾಗ, ವೀರಶೈವ-ಲಿಂಗಾಯತರಿಗೆ ಜನಗಣತಿಯಲ್ಲಿ ಪ್ರತ್ಯೇಕ ಧರ್ಮದ ಕಾಲಂ ಬೇಕು ಅನ್ನೋ ವೀರಶೈವ ಮಹಾಸಭಾದ ಮನವಿಗೆ ಸಹಿ ಹಾಕಿದ್ದವರು. 2018ರಲ್ಲಿ ಬಿಜೆಪಿ ರಾಜ್ಯಾಧ್ಯಕ್ಷರಾಗಿ ಇದನ್ನು ಹಿಂದೂಗಳನ್ನು ಒಡೆಯುವ ಕೆಲಸ ಅಂದರು. ವೀರಶೈವರನ್ನು ಸೇರಿಸಿ ಕೇಳಿದ್ದು ಬೇರೆ, ಬಿಟ್ಟು ಕೇಳಿದ್ದು ಬೇರೆ ಅನ್ನೋ ಸಮರ್ಥನೆ ಇದೆ. ಆದರೂ ಐದು ವರ್ಷದಲ್ಲಿ ನಿಂತ ಜಾಗ ಬದಲಾಗಿತ್ತು.

ಫಲಿತಾಂಶ? ಪ್ರತ್ಯೇಕ ಧರ್ಮವನ್ನು ಬಹಿರಂಗವಾಗಿ ಬೆಂಬಲಿಸಿದ ಸಚಿವರಲ್ಲಿ ಸೇಡಂನ ಶರಣಪ್ರಕಾಶ ಪಾಟೀಲರೂ ಒಬ್ಬರು. 2018ರ ಮೇನಲ್ಲಿ ಸೇಡಂನಲ್ಲಿ ಅವರು ಬಿಜೆಪಿಯ ರಾಜಕುಮಾರ ಪಾಟೀಲ ತೇಲ್ಕೂರ ಎದುರು ಸೋತರು. ಅದೇ ಚುನಾವಣೆಯಲ್ಲಿ ಪಕ್ಕದ ಚಿತ್ತಾಪುರ, ಚಿಂಚೋಳಿ ಎರಡೂ ಕಾಂಗ್ರೆಸ್ಸಿಗೇ ಬಂದವು. ಇದೇ ಹೋರಾಟದ ಮುಂಚೂಣಿಯಲ್ಲಿದ್ದ ಎಂ.ಬಿ. ಪಾಟೀಲ ಬಬಲೇಶ್ವರದಲ್ಲಿ ಗೆದ್ದರು, ವಿನಯ ಕುಲಕರ್ಣಿ ಧಾರವಾಡದಲ್ಲಿ ಸೋತರು. 2023ರಲ್ಲಿ ಶರಣಪ್ರಕಾಶ ಪಾಟೀಲರು ಸೇಡಂನಿಂದಲೇ ಮತ್ತೆ ಗೆದ್ದು ಸಚಿವರಾದರು. ಧರ್ಮದ ವಿಷಯ ಒಂದೇ, ಫಲಿತಾಂಶ ಊರಿಗೊಂದು. ಒಂದು ಸೋಲಿಗೆ ಹತ್ತು ಕಾರಣ ಇರ್ತವೆ. ಮೂಟೆಯ ಲೆಕ್ಕದಿಂದ ಮಾತ್ರ ಇದ್ಯಾವುದನ್ನೂ ವಿವರಿಸೋಕೆ ಬರಲ್ಲ.

ಆದರೆ ಪಕ್ಷಗಳು ಕಲಿತ ಪಾಠ ಬೇರೆ. 2018ರ ಅಕ್ಟೋಬರಿನಲ್ಲಿ ಗದಗ ಜಿಲ್ಲೆಯಲ್ಲಿ ನಡೆದ ರಂಭಾಪುರಿ ಪೀಠದ ದಸರಾ ಸಮಾರಂಭದಲ್ಲಿ ಡಿ.ಕೆ. ಶಿವಕುಮಾರ್, ಧರ್ಮದ ವಿಷಯಕ್ಕೆ ನಮ್ಮ ಸರ್ಕಾರ ಕೈಹಾಕಿದ್ದು ತಪ್ಪು ಅಂತ ಕ್ಷಮೆ ಕೇಳಿದರು. ಅವರದೇ ಪಕ್ಷದ ಎಂ.ಬಿ. ಪಾಟೀಲ ಇದನ್ನು ಒಪ್ಪಲಿಲ್ಲ. ಧರ್ಮಕ್ಕೆ ತಾಗುವ ವಿಷಯ ಅಂದರೆ ದೂರ ಇರಬೇಕು, ಸುಮ್ಮನಿರಬೇಕು ಅನ್ನೋದು ಆ ಪಾಠ. ಸಲಿಂಗ ವಿವಾಹದ ಬಗ್ಗೆ ನಮ್ಮ ರಾಜ್ಯದ ನಾಯಕರು ಬಾಯಿ ಬಿಡದಿರೋದಕ್ಕೆ ಈ ಅನುಭವವೂ ಒಂದು ಕಾರಣ ಇರಬಹುದು ಅಂತ ನಮಗನಿಸುತ್ತೆ.

ಅಂದಹಾಗೆ, ಧರ್ಮದ ನೆನಪುಗಳೂ ಒಂದೇ ಥರ ಇರಲ್ಲ. ಹರಳಯ್ಯನ ಮಗ, ಮಧುವರಸನ ಮಗಳ ಮದುವೆಯ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಸಮಾಜ ಒಪ್ಪದ ಮದುವೆಯೊಂದಕ್ಕೆ ಶರಣರು ಬೆಂಬಲ ಕೊಟ್ಟರು, ಅದಕ್ಕೆ ಬೆಲೆ ತೆತ್ತರು ಅಂತ ಹೇಳುವ ಕಥೆ ಅದು. ಅದು ಜಾತಿಯ ಪ್ರಶ್ನೆ, ಇದು ಬೇರೆ, ನಿಜ. ಆದರೆ ದೇವರನ್ನು ನಂಬುವವರು ಮದುವೆಯ ವಿಷಯದಲ್ಲಿ ಹೊಸದೇನನ್ನೂ ಒಪ್ಪಲ್ಲ ಅಂತ ಮೊದಲೇ ತೀರ್ಮಾನಿಸೋದು ನಮ್ಮ ಅಜ್ಜ-ಅಜ್ಜಿಯರಿಗೆ ಮಾಡುವ ಅವಮಾನ.

ಸದ್ದಿಲ್ಲದೆ ಕೊಡೋದು

ಇನ್ನೊಂದು ಕುತೂಹಲದ ಸಂಗತಿ. ಭಾಷಣಕ್ಕೆ ಬಾರದ ಕೆಲಸಗಳು ಕಡತದಲ್ಲಿ ನಡೀತಾವೆ. 2021ರಲ್ಲಿ ಕರ್ನಾಟಕದ ಬಿಜೆಪಿ ಸರ್ಕಾರ ರಾಜ್ಯದ ಸರ್ಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ 1% ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು. ಕೇಂದ್ರ ಸರ್ಕಾರ ಮದುವೆಯನ್ನು ಕೋರ್ಟಿನಲ್ಲಿ ವಿರೋಧಿಸಿದರೂ 2024ರ ಏಪ್ರಿಲಿನಲ್ಲಿ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಅದೇ ವರ್ಷ, ಸಲಿಂಗ ಜೋಡಿಯನ್ನು ರೇಷನ್ ಕಾರ್ಡಿಗೆ ಒಂದೇ ಮನೆಯವರು ಅಂತ ಪರಿಗಣಿಸಬೇಕು, ಜಂಟಿ ಬ್ಯಾಂಕ್ ಖಾತೆ ತೆರೆಯೋಕೆ, ಒಬ್ಬರನ್ನೊಬ್ಬರು ನಾಮಿನಿ ಮಾಡೋಕೆ ಅಡ್ಡಿ ಇಲ್ಲ ಅಂತ ಸೂಚನೆಗಳು ಹೊರಟವು.

ಸದ್ದು ಮಾಡಿ ಬೇಡ ಅನ್ನೋದು, ಸದ್ದಿಲ್ಲದೆ ಅಷ್ಟಿಷ್ಟು ಕೊಡೋದು. ಏನೂ ಇಲ್ಲದ್ದಕ್ಕಿಂತ ಇದು ಮೇಲು. ಆದರೆ ಸುತ್ತೋಲೆಯಿಂದ ಬಂದದ್ದು ಸುತ್ತೋಲೆಯಿಂದಲೇ ಹೋಗಬಹುದು. ಮದುವೆಯ ಜೊತೆ ತಾನಾಗಿ ಬರುವ ಹಕ್ಕುಗಳ ಪಟ್ಟಿ ದೊಡ್ಡದು. ಆಸ್ತಿಯಲ್ಲಿ ಪಾಲು, ಕುಟುಂಬ ಪಿಂಚಣಿ, ದಂಪತಿಯಾಗಿ ಮಗು ದತ್ತು ತಗೊಳ್ಳೋದು ಎಲ್ಲ ಅದರಲ್ಲಿವೆ. ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿಯುವವನ ಜೊತೆ 20 ವರ್ಷ ಬಾಳಿದವಳು ಹೆಂಡತಿಯಾಗಿದ್ದರೆ ಈ ಹಕ್ಕುಗಳನ್ನು ಯಾರೂ ಪ್ರಶ್ನೆ ಮಾಡಲ್ಲ. ಅಷ್ಟೇ ವರ್ಷ ಬಾಳಿದ ಸಂಗಾತಿ ಗಂಡಸಾಗಿದ್ದರೆ ಕಾನೂನಿನ ಕಣ್ಣಿಗೆ ಅವನು ರೂಮ್‌ಮೇಟ್ ಅಷ್ಟೇ.

ಅಂಥವರು ನಮ್ಮ ಕಡೆ ಎಲ್ಲಿದ್ದಾರೆ ಅಂತ ನೀವು ಕೇಳಬಹುದು. ಈ ಪ್ರಶ್ನೆಗೆ ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ತಮ್ಮ ತೀರ್ಪಿನಲ್ಲೇ ಉತ್ತರ ಬರೆದಿದ್ದಾರೆ. ‘ನಗರದ ಗಣ್ಯರು’ ಅನ್ನೋ ವಾದವನ್ನು ಅವರು ತಳ್ಳಿಹಾಕಿದರು. ಇಂಗ್ಲಿಷ್ ಮಾತಾಡುವ ಆಫೀಸಿನ ಉದ್ಯೋಗಿ ಮಾತ್ರ ಅಲ್ಲ, ಹಳ್ಳಿಯ ಹೊಲದಲ್ಲಿ ಕೆಲಸ ಮಾಡುವ ಹೆಣ್ಣುಮಗಳೂ ಹಾಗಿರಬಹುದು ಅನ್ನೋದು ಅವರ ಮಾತಿನ ಸಾರ. ಅದು ಚಿಂಚೋಳಿಯ ತೊಗರಿ ಹೊಲವೂ ಆಗಬಹುದು, ಶಹಾಬಾದಿನ ಫರ್ಸಿ ಕಲ್ಲಿನ ಖಣಿಯೂ ಆಗಬಹುದು, ನಮ್ಮದೇ ಕ್ಲಾಸಿನ ಹಿಂದಿನ ಬೆಂಚೂ ಆಗಬಹುದು. ಹೇಳಿಕೊಳ್ಳೋಕೆ ಧೈರ್ಯ ಸಾಲದವರನ್ನು ಇಲ್ಲ ಅಂತ ಎಣಿಸಿದರೆ ಲೆಕ್ಕ ತಪ್ಪುತ್ತೆ.

ನಿಲುವನ್ನು ಓದೋದು ಹೇಗೆ?

ನಿಲುವು ಬದಲಾಯಿಸೋದೇ ಅಪರಾಧ ಅಲ್ಲ. ಓದಿ, ಜನರನ್ನು ಭೇಟಿಯಾಗಿ, ಯೋಚಿಸಿ ಮನಸ್ಸು ಬದಲಾದರೆ ಅದು ಒಳ್ಳೆಯ ಗುಣ. ಹಾಗೇ ನಂಬಿಕೆಯಿಂದ ಸಲಿಂಗ ವಿವಾಹವನ್ನು ವಿರೋಧಿಸಿ, ಎಲ್ಲ ಸಭೆಯಲ್ಲೂ ಅದನ್ನೇ ಹೇಳುವ ರಾಜಕಾರಣಿಯ ಜೊತೆ ನಾವು ವಾದ ಮಾಡಬಹುದು, ಅವರು ಮೋಸ ಮಾಡ್ತಿದ್ದಾರೆ ಅನ್ನೋಕೆ ಬರಲ್ಲ. ಹಾಗಾದರೆ ಮನಸ್ಸು ಬದಲಾದದ್ದೋ, ಲೆಕ್ಕ ಬದಲಾದದ್ದೋ ಅಂತ ಹೇಗೆ ತಿಳಿಯೋದು? ನಮಗೆ ಹೊಳೆದ ನಾಲ್ಕು ಪ್ರಶ್ನೆ ಇವು.

ಒಂದು, ಯಾವಾಗ ಬದಲಾಯಿತು? ಚುನಾವಣೆಗೆ ಎಷ್ಟು ದಿನ ಇತ್ತು?

ಎರಡು, ಯಾರ ಮುಂದೆ? ಬೆಂಗಳೂರಿನ ಸಾಹಿತ್ಯೋತ್ಸವದಲ್ಲಿ ಹೇಳಿದ್ದನ್ನು ಕೊತ್ತಲ ಬಸವೇಶ್ವರ ಜಾತ್ರೆಯಲ್ಲೂ ಹೇಳ್ತಾರಾ?

ಮೂರು, ಕಾಗದದ ಮೇಲೆ ಏನಿದೆ? ಭಾಷಣಕ್ಕಿಂತ ಅಫಿಡವಿಟ್, ಮಸೂದೆ, ಸದನದ ಮತ ಹೆಚ್ಚು ನಿಜ ಹೇಳ್ತವೆ. ಮತ ಹಾಕದೆ ಎದ್ದು ಹೋಗಿದ್ದೂ ಒಂದು ಉತ್ತರವೇ.

ನಾಲ್ಕು, ಯಾರನ್ನು ಕೇಳಿ ಹೇಳ್ತಿದ್ದಾರೆ? ‘ನಮ್ಮ ಜನ ಒಪ್ಪಲ್ಲ’ ಅಂದಾಗ ಆ ಜನದಲ್ಲಿ ಯಾರ್ಯಾರು ಇದ್ದಾರೆ?

ನಾಲ್ಕನೆಯದು ನಮಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತೆ. ಯಾಕಂದ್ರೆ ಅಲ್ಲಿ ಎರಡು ಗುಂಪಿನ ಬಾಯಿ ಒಟ್ಟಿಗೆ ಮುಚ್ಚಿಸ್ತಾರೆ. ಸಲಿಂಗಿಗಳನ್ನು ಕೇಳಲ್ಲ, ದೇವರನ್ನು ನಂಬುವ ಸಾಮಾನ್ಯ ಜನರನ್ನೂ ಕೇಳಲ್ಲ. ಮುಖಂಡರನ್ನು ಕೇಳಿ, ಎಲ್ಲರ ಉತ್ತರ ಸಿಕ್ಕಿತು ಅಂತಾರೆ.

2023ರಲ್ಲಿ ನಮಗೆ ವೋಟು ಇರಲಿಲ್ಲ. 2028ರ ವಿಧಾನಸಭಾ ಚುನಾವಣೆಗೆ, 2029ರ ಲೋಕಸಭೆಗೆ ಈ ಕಾಲೇಜಿನ ನಮ್ಮೆಲ್ಲರ ಹೆಸರೂ ಪಟ್ಟಿಯಲ್ಲಿ ಇರಬೇಕು. ಮನೆಗೆ ಪಾಂಪ್ಲೆಟ್ ಹಿಡಕೊಂಡು ಬಂದವರಿಗೆ ಚಹಾ ಕೊಡೋಣ, ರಸ್ತೆ ಕೇಳೋಣ, ನೌಕರಿ ಕೇಳೋಣ. ಅದರ ಜೊತೆಗೆ, ‘ಅಣ್ಣಾರ, ಇದರ ಬಗ್ಗೆ ನಿಮ್ಮ ವಿಚಾರ ಏನದ? ನಮ್ಮ ಹೆಸರು ಹೇಳೂಕಿಂತ ಮೊದಲ ನಮ್ಮನ್ನ ಕೇಳ್ತೀರೇನ್ರಿ?’ ಅಂತಲೂ ಕೇಳಬಹುದು. ಉತ್ತರ ಬರದಿದ್ದರೂ ಪರವಾಗಿಲ್ಲ, ವಾಡಿಯಲ್ಲೂ ಈ ಪ್ರಶ್ನೆ ಕೇಳುವವರು ಇದ್ದಾರೆ ಅಂತ ಅವರಿಗೆ ಗೊತ್ತಾಗುತ್ತೆ.